ಹೊಸಬರಿಗೆ ದಾರಿ ಹೇಳುತ್ತಿದ್ದ ಜಯಲತಾ

ಮದುವೆಯಾಗಿ ಉಡುಪಿ ಕಡೆಯಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ಜಯಲತಾ, ಠಾಣೆ ನಗರದ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಠಾಣೆಯಲ್ಲಿ ಇಳಿಯಲಾಗದೆ ಘಾಟ್ಕೋಪರ್ ತಲುಪಿದ್ದಳು. ಫಾಸ್ಟ್ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ, ಇಳಿಯುವವರು ದಿವಾ ಸ್ಟೇಷನ್ ದಾಟುವ ಮೊದಲೇ ಎದ್ದು ಬಾಗಿಲ ಕಡೆ ಸಾಲು ಹಿಡಿಯಬೇಕು, ಮುಂದಿನವಳನ್ನು ಎಲ್ಲಿ ಇಳಿಯುವವಳು ಎಂದು ಕೇಳಿಕೊಳ್ಳಬೇಕು ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಸುತ್ತಲಿನವರು ಮರಾಠಿಯಲ್ಲಿ ಬೈದರು. ಮಾತು ಅರ್ಥವಾಗಲಿಲ್ಲ, ಬೈಯುತ್ತಿದ್ದಾರೆ ಎಂಬುದು ಅರ್ಥವಾಯಿತು.

ಅದೇ ಡಬ್ಬಿಯಲ್ಲಿ ಅವಳು ಇಪ್ಪತ್ನಾಲ್ಕು ವರ್ಷ ಓಡಾಡಿದಳು. ಹೊಸ ಹುಡುಗಿ ಯಾರೇ ಹತ್ತಲಿ, ಹೆದರಿದ ಕಣ್ಣು ಕಂಡರೆ ಸಾಕು, ಪಕ್ಕಕ್ಕೆ ಕರೆದು ಹೇಳಿಕೊಡುತ್ತಿದ್ದಳು: ಚೀಲ ಮುಂದಕ್ಕೆ ಹಾಕಿಕೋ, ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂರಬೇಕಾದರೆ ಬಾಯಿಬಿಟ್ಟು ಕೇಳು. ಹೇಳಿಸಿಕೊಂಡವರಲ್ಲಿ ಹೆಚ್ಚಿನವರು ವಾರದೊಳಗೆ ಅವಳನ್ನು ಮರೆತು ತಮ್ಮ ತಮ್ಮ ಗುಂಪು ಸೇರಿಕೊಳ್ಳುತ್ತಿದ್ದರು. ಅವಳಿಗೆ ಅದರಿಂದ ಬೇಸರವಾಗಲಿಲ್ಲ. ಮಂಡಿನೋವು ಹೆಚ್ಚಾದಾಗ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕುಳಿತಳು.

ಗಂಡ ಲೀಲಾಧರನಿಗೆ ಠಾಣೆಯ ನೌಪಾಡಾದಲ್ಲಿ ಅಣ್ಣನ ಜೊತೆ ಪಾಲಿನಲ್ಲಿ ನಡೆಸುವ ಸಸ್ಯಾಹಾರಿ ಹೋಟೆಲು. ಮಗ ರಿತೇಶ್ ಐರೋಲಿಯ ಒಂದು ಕಂಪನಿಯಲ್ಲಿ ಉದ್ಯೋಗಿ. ಲಾಕ್‌ಡೌನಿನಲ್ಲಿ ಹೋಟೆಲಿನ ಶಟರ್ ಬಿದ್ದು ಮೂವರೂ ಎರಡು ಕೋಣೆಯಲ್ಲಿ ಸಿಕ್ಕಿಬಿದ್ದಾಗ, ತಾಯಿಗೆ ಹೊತ್ತು ಹೋಗಲಿ ಎಂದು ರಿತೇಶ್ ತನ್ನ ಹಳೆಯ ಟ್ಯಾಬ್ಲೆಟ್ ಕೊಟ್ಟ. ಅದರಲ್ಲಿ ಟೈಡ್‌ಹೋಮ್ ಎಂಬ ಆಟವಿತ್ತು. ಸಣ್ಣ ಬಂದರೊಂದನ್ನು ಕಟ್ಟಬೇಕು, ಉಬ್ಬರ ಇಳಿತ ನೋಡಿ ಬಲೆ ಬೀಸಬೇಕು, ಊರಿಗೆ ಬಂದವರಿಗೆ ಅಡುಗೆ ಮಾಡಿ ಹಾಕಬೇಕು. ಜಯಲತಾ ಅದಕ್ಕೆ ಅಂಟಿಕೊಂಡಳು.

ಆಟ ಆಡುವವರೇ ಸೇರಿ ಅದಕ್ಕೊಂದು ವಿಕಿ ಬರೆದಿದ್ದರು. ಯಾವ ಮೀನು ಯಾವ ಉಬ್ಬರಕ್ಕೆ ಬರುತ್ತದೆ, ಯಾವ ಅಡುಗೆಗೆ ಏನು ಬೇಕು, ಎಲ್ಲ ಅದರಲ್ಲಿತ್ತು. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಎಲ್ಲವೂ ಇಂಗ್ಲಿಷಿನಲ್ಲಿ, ಆಫೀಸಿನ ಪತ್ರ ಬರೆದು ಪಳಗಿದ ಜಯಲತಾಗೆ ಅದು ತೊಡಕಾಗಲಿಲ್ಲ. ಒಂದು ಸಾರಿನ ಪುಟದಲ್ಲಿ ಹುಣಸೆಹುಳಿಯ ಲೆಕ್ಕ ತಪ್ಪಿದೆ ಎಂದು ಕಂಡು ಅವಳು ತಿದ್ದಿದಳು. ನಾಲ್ಕೇ ನಿಮಿಷದಲ್ಲಿ ಯಾರೋ ಅದನ್ನು ಅಳಿಸಿ ಬರೆದರು: ‘ಆಧಾರ ಎಲ್ಲಿ? ನಿಯಮ ಓದಿ ಬಾ.’

ಮುಖಕ್ಕೆ ಹೊಡೆದಂತಾಯಿತು. ಆದರೂ ಅವಳು ನಿಯಮ ಓದಿದಳು. ನಲವತ್ತಕ್ಕೂ ಮಿಕ್ಕಿದ ಪುಟಗಳು, ಒಂದಕ್ಕೊಂದು ಕೊಂಡಿ. ಮೂರು ದಿನ ಕುಳಿತು ಹಳೆಯ ಡೈರಿಯಲ್ಲಿ ಗುರುತು ಹಾಕಿಕೊಂಡು ಓದಿದಾಗ, ಇದರಲ್ಲಿ ಹೊಸಬರಿಗೆ ನಿಜವಾಗಿ ಬೇಕಾದದ್ದು ಆರೇ ಮಾತು ಎಂದು ಅವಳಿಗೆ ತೋರಿತು. ಚರ್ಚೆಯಲ್ಲಿ ಬರೆದರೆ ಕೆಳಗೆ ಸಹಿ ಹಾಕಿ. ತಿದ್ದಿದರೆ ಯಾಕೆಂದು ಒಂದು ಸಾಲು ಬರೆಯಿರಿ. ಇನ್ನೊಬ್ಬರು ಬರೆದದ್ದನ್ನು ಕೇಳದೆ ಅಳಿಸಬೇಡಿ. ಹೀಗೆ. ಆರನೆಯದು, ಯಾರ ನಿಜವಾದ ಹೆಸರು, ಊರು, ವಯಸ್ಸು ಕೇಳಬೇಡಿ ಎಂಬುದು. ಅದಕ್ಕೆ ‘ತಿಳಿದರೂ ಬಳಸಬೇಡಿ’ ಎಂಬ ಎರಡು ಪದಗಳನ್ನು ಅವಳೇ ಸೇರಿಸಿದಳು. ರೈಲಿನ ಗೆಳತಿಯೊಬ್ಬಳು ಆಡಿದ ಮನೆಯ ಮಾತು ಅತ್ತೆಯ ಕಿವಿಗೆ ಮುಟ್ಟಿ ಏನಾಯಿತೆಂದು ಕಂಡಿದ್ದವಳು ಅವಳು.

ಆ ಪುಟವನ್ನು ನಿರ್ವಾಹಕರು ಒಪ್ಪಿದರು. ಹೊಸಬರನ್ನು ಸ್ವಾಗತಿಸುವ ಕೆಲಸವೂ ಅವಳ ಪಾಲಿಗೇ ಬಂತು. ವಿಕಿಯಲ್ಲಿ ಅವಳ ಹೆಸರು ಫೋರ್ತ್‌ಸೀಟ್. ದಿನಾ ಬೆಳಿಗ್ಗೆ ಲೀಲಾಧರ ಹೋಟೆಲಿಗೆ ಹೊರಟ ಮೇಲೆ ಟ್ಯಾಬ್ಲೆಟ್ ತೆರೆದು, ಹಿಂದಿನ ದಿನ ಬಂದ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯುತ್ತಿದ್ದಳು. ನೀವು ತಿದ್ದಿದ ಪುಟ ನೋಡಿದೆ, ಈ ಭಾಗ ಚೆನ್ನಾಗಿದೆ, ಈ ಭಾಗವನ್ನು ಇನ್ನೊಬ್ಬರು ಯಾಕೆ ಅಳಿಸಿದರೆಂದರೆ ಹೀಗೆ.

ಒಂದು ಭಾನುವಾರ ಲೀಲಾಧರ ಕೇಳಿದ, “ಯಾರು ಇವರೆಲ್ಲ?”

“ಗೊತ್ತಿಲ್ಲ.”

“ಗೊತ್ತಿಲ್ಲದವರಿಗೆ ಎಂತ ಪಾಠ ಮಾರಾಯ್ತಿ?”

“ಊರಿಗೆ ಹೊಸಬರಲ್ವಾ. ಯಾರಾದ್ರೂ ಹೇಳ್ಬೇಕಲ್ಲ.”

ನಾಲ್ಕು ವರ್ಷದಲ್ಲಿ ಸಾವಿರದ ಒಂಬೈನೂರು ಜನಕ್ಕೆ ಹೀಗೆ ಬರೆದಳು. ಅವರಲ್ಲಿ ವರ್ಷ ಕಳೆದರೂ ಉಳಿದವರು ಮೂವತ್ತೋ ನಲವತ್ತೋ. ಆಮೇಲೆ ಆಟದ ಕಂಪನಿ ಇನ್ನು ಹೊಸದೇನೂ ಸೇರಿಸುವುದಿಲ್ಲ ಎಂದು ಪ್ರಕಟಿಸಿತು. ಹಳಬರು ಒಬ್ಬೊಬ್ಬರಾಗಿ ಕಾಣೆಯಾದರು. ವಾರಕ್ಕೆ ಹತ್ತು ಹೊಸಬರು ಬರುತ್ತಿದ್ದಲ್ಲಿ ಈಗ ಇಬ್ಬರು ಬಂದರೆ ಹೆಚ್ಚು; ಅದರಲ್ಲಿ ಒಬ್ಬ, ಎಐ ಯಂತ್ರ ಬರೆದುಕೊಟ್ಟ ಸುಳ್ಳುಪಳ್ಳು ತುಂಬಿ ಹೋಗುತ್ತಿದ್ದ. ಈ ಮನೆ ಖಾಲಿಯಾಗುತ್ತಿದೆ ಎಂದು ಜಯಲತಾಗೆ ತಿಳಿದಿತ್ತು. ಅಂಥ ಹೊತ್ತಿನಲ್ಲಿ ಸಾಲ್ಟ್‌ಪ್ಯಾನ್ ಎಂಬ ಹೆಸರಿನ ಒಬ್ಬರು ಬಂದರು. ಗಂಡೋ ಹೆಣ್ಣೋ ತಿಳಿಯದ ಆ ಹೆಸರು ಜಯಲತಾಗೆ ‘ಅದು’ ಆಗಿಯೇ ಉಳಿಯಿತು.

ಮೊದಲ ವಾರ ಸಾಲ್ಟ್‌ಪ್ಯಾನ್ ಎಲ್ಲವನ್ನೂ ದೊಡ್ಡಕ್ಷರದಲ್ಲೇ ಬರೆದು ಇಬ್ಬರಿಂದ ಬೈಸಿಕೊಂಡಿತು. ಜಯಲತಾ ನಡುವೆ ಬಂದು, ಬೈದವರಿಗೂ ಒಂದು ಮಾತು ಹೇಳಿ, ಸಾಲ್ಟ್‌ಪ್ಯಾನಿಗೂ ಹೇಳಿಕೊಟ್ಟಳು. ಎರಡು ಬಾರಿ ಹೇಳಬೇಕಾಗಲಿಲ್ಲ. ಆಟದಲ್ಲಿ ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸುವ ಅಡುಗೆಯೊಂದಿತ್ತು. ಅದರ ಚರ್ಚೆಯಲ್ಲಿ ಸಾಲ್ಟ್‌ಪ್ಯಾನ್, ‘ಇದು ನನ್ನ ಅಮ್ಮ ಮಾಡುವ ಪತ್ರೊಡೆಯ ಹಾಗೇ ಇದೆ’ ಎಂದು ಬರೆಯಿತು. ಪತ್ರೊಡೆ ಎಂಬ ಪದವನ್ನು ಆ ಪರದೆಯ ಮೇಲೆ ಕಂಡು ಜಯಲತಾ ಆ ಸಾಲನ್ನು ಎರಡೆರಡು ಸಲ ಓದಿದಳು. ನಾನೂ ಆ ಕಡೆಯವಳೇ ಎಂದು ಬರೆಯಬೇಕೆನಿಸಿತು. ಬರೆಯಲಿಲ್ಲ.

ಇನ್ನೊಮ್ಮೆ ಸಾಲ್ಟ್‌ಪ್ಯಾನ್, ‘ವಿಠ್ಠಲವಾಡಿಯಲ್ಲಿ ಮತ್ತೆ ಕರೆಂಟು ಹೋಗಿದೆ, ಸ್ಟೇಷನ್ನಿನ ಎದುರಿನ ನಮ್ಮ ಬಿಲ್ಡಿಂಗಿನ ಕೆಳಗಿನ ಗಿರಣಿಯೂ ನಿಂತಿದೆ, ಪುಟ ನಾಳೆ ಮುಗಿಸುತ್ತೇನೆ’ ಎಂದಿತು. ಅವಳು ಕೂಡಲೇ ಆ ಸಾಲನ್ನು ತೆಗೆದುಹಾಕಿಸಿ, ಇಲ್ಲಿ ಜಾಗದ ಹೆಸರು ಬರೆಯಬಾರದು ಎಂದು ಎಚ್ಚರಿಸಿದಳು. ಡೊಂಬಿವಲಿಯಿಂದ ವಿಠ್ಠಲವಾಡಿ ಮೂರನೆಯ ಸ್ಟೇಷನ್. ಅದನ್ನೂ ಹೇಳಲಿಲ್ಲ.

ಎಂಟು ತಿಂಗಳಲ್ಲಿ ಸಾಲ್ಟ್‌ಪ್ಯಾನ್ ಇನ್ನೂರು ಪುಟ ಬರೆಯಿತು. ತನ್ನ ಬಳಿಕ ಹೊಸಬರನ್ನು ನೋಡಿಕೊಳ್ಳಲು ಒಬ್ಬರು ಸಿಕ್ಕರು ಎಂದು ಜಯಲತಾ ಅಂದುಕೊಂಡಳು. ಮಾರ್ಚ್ ಕೊನೆಗೆ ಒಂದು ಸಂದೇಶ ಬಂತು: ‘ಉಬ್ಬರದ ಪಟ್ಟಿ ಮುಗಿಸಿದೆ. ಇನ್ನು ನಾನು ಇರುವುದಿಲ್ಲ. ತುಂಬ ದಣಿವಾಗಿದೆ. ನನ್ನ ಪುಟಗಳನ್ನು ನೀವು ನೋಡಿಕೊಳ್ಳಿ. ಈಚೆಗೆ ನನಗೆ ಬೈಯದೆ ಮಾತಾಡಿದವರು ನೀವೊಬ್ಬರೇ.’

ಅವಳು ಆಗಿಂದಾಗಲೇ ಉತ್ತರ ಬರೆದಳು. ಮರುಮಾತಿಲ್ಲ. ನಿರ್ವಾಹಕರಿಗೆ ತಿಳಿಸಿದಳು. ವಿಕಿಯನ್ನು ನಡೆಸುವ ಸಂಸ್ಥೆಗೆ ಬರೆಯಿರಿ ಎಂದರು. ಬರೆದಳು. ನಿಮ್ಮ ದೂರು ತಲುಪಿದೆ ಎಂಬ ಯಂತ್ರದ ಉತ್ತರ ಬಂತು. ಒಂಬತ್ತು ದಿನ ಕಳೆದರೂ ಬೇರೇನೂ ಬರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಲೀಲಾಧರ ಹೊರಡುವಾಗ ಅವಳೂ ಸೀರೆ ಉಟ್ಟು ಸಿದ್ಧವಾಗಿದ್ದಳು.

“ವಿಠ್ಠಲವಾಡಿಗೆ ಹೋಗಿ ಬರ್ತೇನೆ.”

ಅವನಿಗೆ ವಿಷಯ ಗೊತ್ತಿತ್ತು. ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದ, “ಬೇಡ ಅಂತ ಹೇಳುದಿಲ್ಲ. ಆದ್ರೆ ಹೀಗೆ ಹುಡುಕಿಕೊಂಡು ಹೋಗ್ಬಾರ್ದು ಅಂತ ಬರೆದದ್ದು ನೀನೇ ಅಲ್ವಾ?”

“ಹೌದು.”

“ಮತ್ತೆ?”

“ನಾಳೆ ಪೇಪರಿನಲ್ಲಿ ನೋಡಿದ್ರೆ ಎಂತ ಮಾಡುದು?”

ಅವನು ಬಾಗಿಲು ತೆರೆದು ಅವಳು ಹೊರಗೆ ಬರುವವರೆಗೆ ಹಿಡಿದುಕೊಂಡ.

ಸ್ಟೇಷನ್ನಿನ ಎದುರು ಹಿಟ್ಟಿನ ಗಿರಣಿ ಒಂದೇ ಇತ್ತು. ಮೈಯೆಲ್ಲ ಬಿಳಿಯಾಗಿದ್ದ ಗಿರಣಿಯವನನ್ನು ಉಡುಪಿ ಕಡೆಯವರು ಯಾರಾದರೂ ಇದ್ದಾರಾ ಎಂದು ಕೇಳಿದಳು. “ಉಡುಪಿವಾಲೆ? ದುಸರಾ ಮಜಲಾ,” ಎಂದು ಅವನು ಎರಡನೆಯ ಮಹಡಿಯತ್ತ ಬೆರಳು ತೋರಿಸಿದ. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಗಂಟೆ ಒತ್ತಿದಳು. ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಾಗಿಲನ್ನು ಅರ್ಧ ತೆರೆದಳು. ಊರ್ಮಿಳಾ ಎಂದು ಬಾಗಿಲ ಮೇಲಿತ್ತು.

“ಕೋಣ್ ಪಾಹಿಜೆ?” ಯಾರು ಬೇಕಿತ್ತು ಎಂದು ಮರಾಠಿಯಲ್ಲಿ ಕೇಳಿದಳು.

“ನಾನು ಡೊಂಬಿವಲಿಯಿಂದ ಬಂದದ್ದು...” ಗಾಬರಿಯಲ್ಲಿ ಜಯಲತಾಳ ಬಾಯಿಗೆ ಕನ್ನಡವೇ ಬಂತು.

ಬಾಗಿಲು ಪೂರ್ತಿ ತೆರೆಯಿತು. “ಊರಿನವರಾ? ಬನ್ನಿ, ಒಳಗೆ ಬನ್ನಿ. ಕೂತ್ಕೊಳ್ಳಿ.”

“ನಿಮ್ಮಲ್ಲಿ ಕಂಪ್ಯೂಟರಿನಲ್ಲಿ ಬರೆಯುವವರು ಯಾರಾದ್ರೂ...”

“ಮಗಳು ಇದ್ದಾಳೆ, ಸುಮೇಧಾ. ಸಿಎ ಓದ್ತಾ ಇದ್ದಾಳೆ. ಮೇ ತಿಂಗಳಲ್ಲಿ ಪರೀಕ್ಷೆ. ಎರಡು ಸಲ ಹೋಗಿದೆ, ಈ ಸಲ ಆದ್ರೂ ಆಗ್ಲಿ ಅಂತ.”

“ಆರೋಗ್ಯವಾಗಿದ್ದಾಳಲ್ಲ?”

“ಇದ್ದಾಳೆ. ಒಳಗೆ ಓದ್ತಿದ್ದಾಳೆ. ಯಾಕೆ?”

ಅಲ್ಲಿಗೆ ಬಂದ ಕೆಲಸ ಮುಗಿದಿತ್ತು. ಮನೆ ತಪ್ಪಿತು ಎಂದು ಎದ್ದು ಬರಬಹುದಿತ್ತು. ಆದರೆ ಹುಡುಗಿ ಬದುಕಿದ್ದಾಳೆ ಎಂಬ ಸಮಾಧಾನದಲ್ಲಿ ಜಯಲತಾ ನಕ್ಕು ಮಾತಾಡಿಬಿಟ್ಟಳು. “ಎಂಥ ಜಾಣೆ ನಿಮ್ಮ ಮಗಳು. ಎಂಟು ತಿಂಗಳಲ್ಲಿ ಇನ್ನೂರು ಪುಟ ಬರೆದಿದ್ದಾಳೆ. ಅವಳಷ್ಟು ಚೆನ್ನಾಗಿ ಬರೆಯುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ.”

“ಯಾವ ಪುಟ?”

ಜಯಲತಾಗೆ ತಡವಾಗಿ ತಿಳಿಯಿತು. ಆದರೂ ಕೇಳಿದ್ದಕ್ಕೆ ಸುಳ್ಳು ಹೇಳಲು ಆಗಲಿಲ್ಲ. ಒಂದು ಆಟದ ಬಗ್ಗೆ ಎಂದಳು.

“ಆಟದ್ದಾ?” ಊರ್ಮಿಳಾ ಮೆಲ್ಲಗೆ ಕೇಳಿದಳು. “ಎಂಟು ತಿಂಗಳಿಂದ?”

ಒಳಕೋಣೆಯ ಪರದೆ ಸರಿಯಿತು. ಇಪ್ಪತ್ತೆರಡರ ತೆಳ್ಳನೆಯ ಹುಡುಗಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಆಪ್ ಫೋರ್ತ್‌ಸೀಟ್ ಹೋ?”

ಜಯಲತಾ ತಲೆಯಾಡಿಸಿದಳು. “ಇನ್ನು ನಾನು ಇರುವುದಿಲ್ಲ ಅಂತ ಬರೆದಿದ್ದೆಯಲ್ಲಮ್ಮ. ನನಗೆ ಹೆದರಿಕೆ ಆಯ್ತು.”

“ವಿಕಿಯಲ್ಲಿ ಇರುದಿಲ್ಲ ಅಂತ. ಓದ್ಲಿಕ್ಕೆ ಅಂತ ಬಿಟ್ಟದ್ದು.” ಹುಡುಗಿಯ ಕನ್ನಡ ತಡೆತಡೆದು ಬಂತು, ಆಮೇಲೆ ಮತ್ತೆ ಹಿಂದಿಗೆ ತಿರುಗಿತು. “ಮೈನೆ ಆಪ್‌ಕೋ ಬುಲಾಯಾ ಥಾ ಕ್ಯಾ?”

ಕರೆದಿರಲಿಲ್ಲ. ಜಯಲತಾ ಹಾಗೆಯೇ ಹೇಳಿದಳು. ತಾಯಿ ಮಗಳ ಕಡೆಗೆ ನೋಡುತ್ತಿದ್ದಳು, ಮಗಳು ನೆಲದ ಕಡೆಗೆ. ಬಾಗಿಲವರೆಗೆ ಯಾರೂ ಬರಲಿಲ್ಲ. ಮೆಟ್ಟಿಲಿಳಿಯುವಾಗ ಮೇಲೆ ಊರ್ಮಿಳಾಳ ದನಿ ಏರುವುದು ಕೇಳಿಸಿತು. ನಂತರ ಗಿರಣಿಯ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ.

ನಾಲ್ಕನೆಯ ದಿನ ನಿರ್ವಾಹಕರ ಪತ್ರ ಬಂತು. ಸದಸ್ಯರೊಬ್ಬರ ಮನೆಗೆ ನೀವು ಹೋದಿರೆಂದು ದೂರು ಬಂದಿದೆ. ಅವರ ಲ್ಯಾಪ್‌ಟಾಪ್ ಮನೆಯವರು ತೆಗೆದಿಟ್ಟಿದ್ದಾರೆ. ತಮ್ಮ ಖಾತೆ ಅಳಿಸಬೇಕೆಂದು ಕೇಳಿದ್ದಾರೆ. ನಿಮ್ಮ ಕಡೆಯಿಂದ ಹೇಳುವುದೇನಾದರೂ ಇದೆಯೇ? ಪತ್ರದ ಕೆಳಗೆ ಆರನೆಯ ನಿಯಮವನ್ನು ಹಾಗೆಯೇ ಎತ್ತಿ ಹಾಕಿದ್ದರು.

ಜಯಲತಾ ಎರಡು ಸಾಲು ಬರೆದಳು. ‘ದೂರಿನಲ್ಲಿರುವುದು ನಿಜ. ನಾನು ಹೋಗಬಾರದಿತ್ತು.’ ಕಾರಣ ಬರೆಯಬೇಕೆಂದು ಮೂರು ಸಲ ಶುರುಮಾಡಿ ಬಿಟ್ಟಳು. ತಾನೇ ಎಷ್ಟೋ ಹೊಸಬರ ಕಾರಣಗಳನ್ನು ಓದಿ, ಕಾರಣ ಒಳ್ಳೆಯದೇ ಇರಬಹುದು, ಆದರೂ ಇದು ನಡೆಯುವುದಿಲ್ಲ ಎಂದು ಹೇಳಿದವಳು. ಸಂಜೆಯ ಹೊತ್ತಿಗೆ ಅವಳ ಹೆಸರಿನ ಮುಂದೆ ‘ಶಾಶ್ವತವಾಗಿ ನಿಷೇಧಿಸಲಾಗಿದೆ’ ಎಂದು ಬಂದಿತ್ತು. ಸಾಲ್ಟ್‌ಪ್ಯಾನಿನ ಇನ್ನೂರು ಪುಟಗಳ ಚರಿತ್ರೆಯಲ್ಲಿ ಆ ಹೆಸರಿನ ಜಾಗದಲ್ಲಿ ‘ಅಳಿಸಲಾದ ಸದಸ್ಯ’ ಎಂದಿತ್ತು.

ವಿಷಯ ತಿಳಿದ ರಿತೇಶ್, ಬೇರೆ ಖಾತೆ ತೆರೆದರೆ ಯಾರಿಗೂ ತಿಳಿಯದು ಎಂದು ಸಮಾಧಾನ ಹೇಳಿದ. “ಮಮ್ಮಿ, ದೂಸ್ರಾ ಅಕೌಂಟ್ ಬನಾ ಲೋ. ಕಿಸೀಕೋ ಪತಾ ನಹೀ ಚಲೇಗಾ.”

“ನನಗೆ ಗೊತ್ತಿರ್ತದಲ್ಲ,” ಎಂದಳು.

ಬರೆಯಲು ಆಗದಿದ್ದರೂ ಓದಲು ಅಡ್ಡಿಯಿರಲಿಲ್ಲ. ಅವಳ ಜಾಗಕ್ಕೆ ಒಂದು ಯಂತ್ರವನ್ನು ಹಾಕಿದರು. ಯಾರು ಬಂದರೂ ಅದು ಅರೆಕ್ಷಣದಲ್ಲಿ ಒಂದೇ ಸಾಲು ಹೇಳುತ್ತಿತ್ತು: ‘ಸ್ವಾಗತ, ನಿಯಮಗಳನ್ನು ಓದಿ.’ ಜೂನಿನಲ್ಲಿ ಹೊಸಬರೊಬ್ಬರು, ‘ನನ್ನ ಸಹಿ ಎಲ್ಲಿ ಹಾಕಬೇಕು, ಯಾರಾದರೂ ಹೇಳುತ್ತೀರಾ?’ ಎಂದು ಚರ್ಚೆಯಲ್ಲಿ ಕೇಳಿದ್ದರು. ಯಂತ್ರ ಸ್ವಾಗತ ಹೇಳಿತು. ಎರಡು ವಾರದ ನಂತರ ಅವರೇ ಮತ್ತೆ, ‘ಇಲ್ಲಿ ಯಾರಾದರೂ ಇದ್ದೀರಾ?’ ಎಂದು ಬರೆದರು. ಆಮೇಲೆ ಬರೆಯಲಿಲ್ಲ. ಜಯಲತಾ ಆ ಪುಟವನ್ನು ತೆರೆದು ನೋಡುವುದನ್ನು ಬಿಡಲು ಒಂದು ತಿಂಗಳು ಹಿಡಿಯಿತು.

ಸುಮೇಧಾಳಿಗೆ ಒಂದು ಕ್ಷಮಾಪಣೆಯ ಪತ್ರ ಬರೆಯಲು ಕುಳಿತಳು. ಕನ್ನಡದಲ್ಲಿ ಬರೆದರೆ ಅವಳಿಗೆ ಓದಲು ಬರುತ್ತದೋ ಇಲ್ಲವೋ ಎಂದು ಇಂಗ್ಲಿಷಿನಲ್ಲಿ ಬರೆದಳು. ಒಂದೂವರೆ ಪುಟವಾಯಿತು. ಲಕೋಟೆಗೆ ಹಾಕಿ, ಮೇಲೆ ಹೆಸರು ಬರೆದು, ವಿಳಾಸ ಬರೆಯಬೇಕಾದಾಗ ಕೈ ನಿಂತಿತು. ಆ ವಿಳಾಸ ಅವಳಿಗೆ ಯಾರೂ ಕೊಟ್ಟದ್ದಲ್ಲ. ಪೋಸ್ಟಿನವನು ಆ ಬಾಗಿಲು ತಟ್ಟಿದರೆ, ತಾನೇ ಎರಡನೆಯ ಬಾರಿ ಹೋಗಿ ತಟ್ಟಿದಂತೆ. ಪತ್ರವನ್ನು ನಾಲ್ಕು ತುಂಡು ಮಾಡಿ ಒಣಕಸದ ಡಬ್ಬಿಗೆ ಹಾಕಿದಳು.

ಜುಲೈ ಮೊದಲ ವಾರ ಲೀಲಾಧರ ಹೋಟೆಲಿನಿಂದ ಬರುವಾಗ ಪೇಡೆಯ ಸಣ್ಣ ಪೊಟ್ಟಣ ತಂದ.

“ಯಾರೋ ಗಿರಾಕಿಯ ಮಗಳು ಸಿಎ ಪಾಸಂತೆ. ಎಲ್ಲರಿಗೂ ಹಂಚಿದ್ರು.”

ಜಯಲತಾ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ಹೆಸರೆಂತ?”

“ಕೇಳಲಿಲ್ಲ.”

“ಎಲ್ಲಿಯವರು?”

“ಮುಲುಂಡಿನವರು. ಗುಜರಾತಿಯವರು.”

ಅವಳು ಸರಿ ಎಂದು ಹೇಳಿ ತಟ್ಟೆ ಎತ್ತಿಕೊಂಡು ಅವನಿಗೆ ಅನ್ನ ಬಡಿಸಲು ಹೋದಳು. ಪೇಡೆಯನ್ನು ರಿತೇಶ್ ತಿಂದ.