ರಬ್ಬರ್ ಬ್ಯಾಂಡ್ ಜಗ್ಗುವವರು

ಕೋಣೆ ತುಂಬ ಬೆಳೆದ ಮಂದಿ ಎರಡೂ ಹೆಬ್ಬೆರಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಂಡು ‘ರೆಸ್ಪಾನ್ಸಿಬಿಲಿಟಿ’ ಎಂದು ಒಟ್ಟಿಗೆ ಒದರುತ್ತಿದ್ದರು. ‘ಬಿ’ ಬಂದಾಗ ಎಲ್ಲರೂ ಬ್ಯಾಂಡ್ ಜಗ್ಗಬೇಕು, ಉಳಿದ ಕಡೆ ಸಡಿಲ ಬಿಡಬೇಕು. ಎಲೆಕ್ಟ್ರಾನಿಕ್ ಸಿಟಿಯ ಕಾಲ್ ಸೆಂಟರಿಗೆ ಕಾಲಿಟ್ಟ ದಿನ ಕಂಡದ್ದು ಇದು. ಧಾರವಾಡದಲ್ಲಿ ಭಾಷಾಶಾಸ್ತ್ರ ಓದಿ ಬಂದ ನನಗೆ ಇದು ಮಂಗಾಟವೆನಿಸಿತು. ಈಗ ಅದನ್ನು ಕಲಿಸುವವನು ನಾನೇ.

ಇಲ್ಲಿ ಇದಕ್ಕೆ ‘ಸ್ಟ್ರೆಸ್’ ಎನ್ನುತ್ತಾರೆ. ಉದ್ದ ಪದದ ಒಂದು ತುಂಡನ್ನು ಒತ್ತಿ ಹೇಳಿ ಉಳಿದದ್ದನ್ನು ನುಂಗುವುದು. ‘ರೆಸ್ಪಾನ್ಸಿಬಲ್’ ಎಂದಾಗ ‘ಸ್ಪಾನ್’ ಮೇಲಿದ್ದ ಒತ್ತು, ಬಾಲಕ್ಕೆ ‘ಇಟಿ’ ಅಂಟಿದೊಡನೆ ‘ಬಿ’ಗೆ ಜಿಗಿಯುತ್ತದೆ. ನಮ್ಮ ಗದಗಿನ ಕಡೆ ಪದ ಎಷ್ಟೇ ಉದ್ದವಾದರೂ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತಿತ್ತು. ಸಿಗುತ್ತಿತ್ತು ಎಂದೇ ನನ್ನ ನೆನಪು. ಸಿಂಗಸಂದ್ರದ ನನ್ನ ಬಾಡಿಗೆ ಕೋಣೆಯೂ ಇಂಗ್ಲಿಷಿನ ಹಾಗೆ: ಮೋರಿಯ ನಾತಕ್ಕೆ ಒತ್ತು, ಗಾಳಿ ಬೆಳಕನ್ನು ನುಂಗಿದ್ದಾರೆ. ಕೆಳಗಿನ ಮೆಸ್ಸಿನ ಸಾಂಬಾರಿನಲ್ಲಿ ಬೆಲ್ಲಕ್ಕೆ ಒತ್ತು.

ತರಬೇತಿಗೆ ಬಂದವರಲ್ಲಿ ಯಾದಗಿರಿಯ ಶಿವಲೀಲಾ ಒಬ್ಬಳು. ಅಪ್ಪ ಅವ್ವ ವೈಟ್‌ಫೀಲ್ಡಿನಲ್ಲಿ ಗಾರೆ ಕೆಲಸಕ್ಕಿದ್ದರು. ಈ ನೌಕರಿ ತಪ್ಪಿದರೆ ಅವಳೂ ಬಾಂಡ್ಲಿ ಹೊರಬೇಕು.

“ಶುಕ್ರವಾರದ ಟೆಸ್ಟಲ್ಲಿ ಎಡವಿದ್ರೆ ಕಳ್ಸ್‌ಬಿಡು ಗುರು,” ಎಂದ ಮ್ಯಾನೇಜರ್, ಗುಟ್ಕಾ ಉಗಿಯುತ್ತ.

ಅವಳಿಗೆ ಎಲ್ಲ ಅಕ್ಷರವೂ ಗಟ್ಟಿಯಾಗಿಯೇ ಬರುತ್ತಿತ್ತು. “ನುಂಗು ಅಂದ್ರ ಯಾವ್ದು ನುಂಗ್ಲಿ ಸರ್? ನಾನೇನು ಉಪಾಸ ಅದೀನೇನ್ರೀ?” ಎಂದಳು. ಕೋಣೆ ನಕ್ಕಿತು. ಅವಳು ನಗಲಿಲ್ಲ.

ಪದವನ್ನು ಬಾಲದಿಂದ ಹಿಡಿಸಿದೆ. ಲಿಟಿ, ಬಿಲಿಟಿ, ಸಿಬಿಲಿಟಿ. ಕುರಿ ಸುಲಿದಂತೆ. ವಾರವಿಡೀ ಜಗ್ಗಿ ಜಗ್ಗಿ ಅವಳ ಹೆಬ್ಬೆರಳುಗಳು ಕೆಂಪಾದವು.

ಪಾಸಾದಳು. ಮೆಟ್ಟಿಲ ಬಳಿ ನಿಂತು ಫೋನನ್ನು ಭುಜಕ್ಕೆ ಒತ್ತಿಕೊಂಡು, “ನೌಕರಿ ಗಟ್ಟಿ ಆತ್ ಯವ್ವಾ!” ಎಂದಳು. ‘ಗ’ ಬಂದಾಗ ಹೆಬ್ಬೆರಳುಗಳು ಇನ್ನೂ ಕಳಚಿರದ ಬ್ಯಾಂಡನ್ನು ತಾವಾಗಿ ಜಗ್ಗಿದವು. ‘ಗ’ ಉಬ್ಬಿತು, ಉಳಿದ ಕನ್ನಡ ಕುಸಿಯಿತು. ಆಚೆಯಿಂದ ಅವ್ವ ಏನೋ ಕೇಳಿರಬೇಕು. “ನಾನ ಯವ್ವಾ, ಲೀಲಾ,” ಎಂದಳು.

ನನಗೆ ಹೇಸಿಗೆಯಾಯಿತು. ಅವಳ ಬಗ್ಗೆಯಲ್ಲ.

ಹೊರಗೆ ಬಂದು ಊರಿಗೆ, ತಂಗಿಗೆ ಫೋನ್ ಮಾಡಿದೆ.

“ಯಾಕಣ್ಣಾ ಹಿಂಗ ಜಗ್ಗಿ ಜಗ್ಗಿ ಮಾತಾಡ್ತಿ? ಮೊದ್ಲ ಹಿಂಗಿರ್ಲಿಲ್ಲ ನೀ.”

“ಮೊದ್ಲ ಹ್ಯಾಂಗಿದ್ದೆ?”

ನೆನಪು ಮಾಡಿಕೊಳ್ಳಲು ನೋಡಿದೆ. ಕೇಳಿಸಿದ್ದು ಅಪ್ಪನ ದನಿಯೋ ನನ್ನದೋ ತಿಳಿಯಲಿಲ್ಲ. ತಂಗಿ ನಗುತ್ತ ನಾನು ಮೊದಲು ಮಾತಾಡುತ್ತಿದ್ದಂತೆ ಮಾತಾಡಿ ತೋರಿಸಿದಳು. ಚೆನ್ನಾಗಿತ್ತು. ಎಲ್ಲೋ ಕಂಡು ಮರೆತವನೊಬ್ಬ ಮಾತಾಡಿದ ಹಾಗಿತ್ತು.

“ಇನ್ನೊಮ್ಮೆ ಮಾತಾಡು,” ಎಂದೆ.