ಕರವಸ್ತ್ರದಲ್ಲಿ ಕಟ್ಟಿ ತಂದ ಪ್ರಸಾದ

ಪೂಜೆಯಲ್ಲಿ ಗುರುಗಳು ಓಸ್ತಿಯನ್ನು ಮೇಲೆತ್ತಿದಾಗ ನನ್ನ ಮನಸ್ಸಿನೊಳಗೆ ಒಂದು ತುಳು ಬೈಗುಳ ಕೇಳಿಸಿತು.

ಓಸ್ತಿ ಎಂದರೆ ಗೋಧಿ ಹಿಟ್ಟಿನ ತೆಳ್ಳಗಿನ ಬಿಳಿ ಬಿಲ್ಲೆ. ಗುರುಗಳು ಪೂಜೆಯಲ್ಲಿ ಅರ್ಪಿಸಿದ ಮೇಲೆ ಅದು ನಮಗೆ ಯೇಸುವಿನ ಶರೀರ, ನಾಲಗೆಯ ಮೇಲೆ ಸ್ವೀಕರಿಸುವ ಪ್ರಸಾದ. ಅದಕ್ಕೆ ಆ ಮಾತು. ಇಲ್ಲಿ ಬರೆಯಲಾರೆ. ನಮ್ಮ ಮನೆಮಾತು ಕೊಂಕಣಿ, ದೇವರ ಹತ್ತಿರ ಮಾತಾಡುವುದೂ ಕೊಂಕಣಿಯಲ್ಲೇ. ಬೈಗುಳ ಮಾತ್ರ ಪೇಟೆಯ ತುಳುವಿನಲ್ಲಿ ಬಂತು.

ಅಕ್ಕಪಕ್ಕ ನೋಡಿದೆ. ಯಾರಿಗೂ ಕೇಳಿಸಿರಲಿಲ್ಲ.

ನಾನು ಸೆಲಿನ್. ಮನೆ ಸಿದ್ಧಕಟ್ಟೆಯ ಹತ್ತಿರ. ಗಂಡ ವಲೇರಿಯನ್ ಪೇಟೆಯಲ್ಲಿ ಬೈಕ್ ರಿಪೇರಿ ಮಾಡುತ್ತಾರೆ. ನಮಗೆ ಮಕ್ಕಳಿಲ್ಲ. ಇಪ್ಪತ್ತೆರಡು ವರ್ಷ, ಪ್ರತಿ ಭಾನುವಾರ, ಇಗರ್ಜಿಯಲ್ಲಿ, ಎಂದರೆ ನಮ್ಮ ಚರ್ಚಿನಲ್ಲಿ, ಮಕ್ಕಳಿಗೆ ಧರ್ಮದ ಪಾಠ ಹೇಳಿದವಳು ನಾನು. ಮೊದಲ ಬಾರಿ ಪ್ರಸಾದ ಸ್ವೀಕರಿಸುವ ಮಕ್ಕಳನ್ನು ತಯಾರು ಮಾಡುವ ಕೆಲಸವೂ ನನ್ನದೇ. ನಾನು ಸಿಡುಕಿ. ನನ್ನ ತರಗತಿಯಲ್ಲಿ ನಗುವುದಕ್ಕೆ ಧೈರ್ಯ ಬೇಕಿತ್ತು. ಒಂದು ಪಾಠವನ್ನು ಯಾವ ವರ್ಷವೂ ತಪ್ಪಿಸಿದವಳಲ್ಲ. ಹೃದಯ ಒಂದು ಮನೆ, ಆಲೋಚನೆಗಳು ಬಾಗಿಲಿಗೆ ಬರುವ ನೆಂಟರು, ಯಾರನ್ನು ಒಳಗೆ ಕುಳ್ಳಿರಿಸುತ್ತೀರೋ ಮನೆ ಅವರದ್ದೇ ಆಗುತ್ತದೆ ಎನ್ನುತ್ತಿದ್ದೆ. ಮಕ್ಕಳು ಹೆದರಿ ತಲೆಯಾಡಿಸುತ್ತಿದ್ದವು. ನಾನೂ ಅದನ್ನು ಪೂರ್ತಿಯಾಗಿ ನಂಬಿದ್ದೆ.

ಮುಂದಿನ ಭಾನುವಾರ ಬೈಗುಳ ಮತ್ತೆ ಬಂತು. ಅದರ ಮುಂದಿನ ಭಾನುವಾರ ನಾನು ಅದು ಬರುತ್ತದೋ ಎಂದು ಕಾದು ಕೂತಿದ್ದೆ. ಕಾದವಳಿಗೆ ಬರದೆ ಇರುತ್ತದೆಯೇ? ತಿಂಗಳೊಳಗೆ ಅದು ಇಗರ್ಜಿಯಿಂದ ಹೊರಟು ಮನೆಗೂ ಬಂತು. ಶಿಲುಬೆ ಕಂಡರೆ ಬೈಗುಳ, ಜಪಸರ ಹಿಡಿದರೆ ಬೈಗುಳ. ಒಂದು ಬೈಗುಳಕ್ಕೆ ಪರಿಹಾರವಾಗಿ ಹತ್ತು ‘ನಮೋ ಮರಿಯಾ’ ಹೇಳುವುದು ಎಂದು ನಾನೇ ನಿಯಮ ಮಾಡಿಕೊಂಡೆ. ಹತ್ತು ನಲವತ್ತಾಯಿತು. ನಡುವೆ ಒಂದು ಶಬ್ದ ತಪ್ಪಿದರೆ ಮೊದಲಿನಿಂದ. ಅನ್ನ ಸೀದು ಹೋಗುತ್ತಿತ್ತು, ಬಟ್ಟೆ ಬಕೆಟ್ಟಿನಲ್ಲೇ ನಾರುತ್ತಿತ್ತು, ನನ್ನ ತುಟಿ ಮಾತ್ರ ಅಲ್ಲಾಡುತ್ತಲೇ ಇತ್ತು. ಮೊಣಕಾಲಿನ ಚರ್ಮ ಕಪ್ಪಾಗಿ ದಡ್ಡುಗಟ್ಟಿತು.

“ಎಂತ ಮಾರಾಯ್ತಿ, ಯಾರ ಹತ್ತಿರ ಮಾತಾಡ್ತಾ ಇದ್ದಿ?” ಎಂದು ವಲೇರಿಯನ್ ಕೇಳಿದರು.

“ದೇವರ ಹತ್ತಿರ.”

“ಅವನಿಗೂ ಸ್ವಲ್ಪ ಪುರುಸೊತ್ತು ಕೊಡು.”

ಅಂದು ಅವರಿಗೆ ಊಟ ಬಡಿಸಲಿಲ್ಲ.

ಒಪ್ಪಿಗೆ ಇಲ್ಲದೆ ಬರುವ ಆಲೋಚನೆ ಪಾಪವಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ನಾನೇ ಕಲಿಸಿದ ಪಾಠ. ಆದರೆ ನಾನು ಒಪ್ಪಿದೆನೋ ಇಲ್ಲವೋ ಎಂದು ತಿಳಿಯಬೇಕಾದರೆ ಆ ಬೈಗುಳವನ್ನು ಮತ್ತೊಮ್ಮೆ ನೆನಪಿಸಿ ನೋಡಬೇಕು. ನೆನಪಿಸಿದ್ದು ಯಾರು? ನಾನೇ. ಹಾಗಾದರೆ ಬೇಕೆಂದೇ ಯೋಚಿಸಿದ ಹಾಗಾಯಿತಲ್ಲ! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನನ್ನನ್ನೇ ಹಂಗಿಸಿಕೊಂಡು ಪಾಪನಿವೇದನೆಗೆ ಹೋದೆ. ಗುರುಗಳು ಕ್ಷಮೆಯ ಮಾತು ಹೇಳಿದರು. ಮೆಟ್ಟಿಲು ಇಳಿಯುವಷ್ಟರಲ್ಲಿ ಬೈಗುಳ ಮತ್ತೆ ಬಂತು.

ವಾರಕ್ಕೆ ಮೂರು ಸಲ ಅದೇ ಗುರುಗಳ ಮುಂದೆ ಹೋಗಲು ನಾಚಿಕೆ. ಹಾಗಾಗಿ ಬಸ್ಸು ಹತ್ತಿದೆ. ಸೋಮವಾರ ಮೂಡುಬಿದಿರೆ, ಬುಧವಾರ ಬಂಟ್ವಾಳ, ಶುಕ್ರವಾರ ವೇಣೂರು ದಾಟಿ ಬೆಳ್ತಂಗಡಿ. ಗುರುತು ಸಿಗದಿರಲೆಂದು ಸೆರಗು ಮುಂದೆ ಎಳೆದುಕೊಂಡು, ಜಾಲರಿಯ ಆಚೆ ಕೂತವರಿಗೆ ಪ್ರತಿಸಲ ಹೊಸದಾಗಿ ಕಥೆ ಹೇಳುತ್ತಿದ್ದೆ. ಕಂಡಕ್ಟರನೊಬ್ಬ, “ಬಾಯಮ್ಮ, ನಿಮಗೆ ಮೂರು ಕಡೆ ನೆಂಟರು ಉಂಟಾ?” ಎಂದು ಕೇಳಿದ. ಹೌದೆಂದೆ. ಆ ಸುಳ್ಳಿಗಾಗಿ ಇನ್ನೊಂದು ಪಾಪನಿವೇದನೆ ಬೇಕಾಯಿತು.

ಆಮೇಲೆ ಮಾಡಬಾರದ್ದನ್ನು ಮಾಡಿದೆ.

ಒಂದು ಭಾನುವಾರ ಓಸ್ತಿ ನಾಲಗೆಯ ಮೇಲಿರುವಾಗಲೇ ಬೈಗುಳ ಬಂತು. ಇಂಥ ಬಾಯಲ್ಲಿ ಅದನ್ನು ನುಂಗಿದರೆ ನರಕವೇ ಗತಿ ಎನಿಸಿತು. ಮುಖ ಒರೆಸಿಕೊಳ್ಳುವವಳ ಹಾಗೆ ಕರವಸ್ತ್ರಕ್ಕೆ ಉಗುಳಿದೆ. ಮನೆಗೆ ತಂದೆ. ಎಸೆಯುವ ಹಾಗಿಲ್ಲ, ತಿನ್ನುವ ಹಾಗಿಲ್ಲ, ಯಾರಿಗೂ ಹೇಳುವ ಹಾಗಿಲ್ಲ. ದೇವರ ಪೀಠದಲ್ಲಿ ಮಾತೆ ಮರಿಯಮ್ಮನ ಮೂರ್ತಿಯ ಹಿಂದೆ ಒಂದು ಸ್ಟೀಲಿನ ಡಬ್ಬಿಯಲ್ಲಿಟ್ಟೆ. ಪ್ರಸಾದಕ್ಕೆ ಹೋಗುವುದನ್ನೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮೊದಲ ಬೆಂಚಿನಲ್ಲಿ ಕೂರುವ ಟೀಚರ್ ಎದ್ದು ಹೋಗದಿದ್ದರೆ ಊರಿಡೀ ಕೇಳುತ್ತದೆ, ಸೆಲಿನ್ ಟೀಚರ್ ಎಂತ ಪಾಪ ಮಾಡಿದ್ದಾರೆ ಎಂದು. ಮಾನಕ್ಕೆ ಅಂಜಿ ಹನ್ನೊಂದು ಭಾನುವಾರ ಹಾಗೆಯೇ ಮಾಡಿದೆ.

ಒಂದು ಸಂಜೆ ವಲೇರಿಯನ್ ಮೇಣದಬತ್ತಿ ಹುಡುಕುತ್ತಾ ಆ ಡಬ್ಬಿ ತೆರೆದರು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಒಳಗೆ ನೋಡಿದರು, ತಮ್ಮ ಗ್ರೀಸು ಮೆತ್ತಿದ ಕೈ ನೋಡಿಕೊಂಡರು. ಡಬ್ಬಿಯನ್ನು ಮೆಲ್ಲ ಇಟ್ಟು ಹಿತ್ತಲಿಗೆ ಹೋಗಿ ಸೀಮೆಎಣ್ಣೆ ಹಾಕಿ, ಸೋಪು ಹಾಕಿ, ಎರಡೆರಡು ಸಲ ಕೈ ತೊಳೆದು ಬಂದರು.

“ಇದು ಪೂಜೆಯದ್ದಾ?”

“ಹೌದು.”

ನೆಲದ ಮೇಲೆ ಕುಳಿತುಬಿಟ್ಟರು. ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡೆ. ಅವರು ಅತ್ತರು. ಮದುವೆಯಾದಂದಿನಿಂದ ಅವರು ಅತ್ತದ್ದನ್ನು ಕಂಡವಳಲ್ಲ. ನನಗೆ ಅಳು ಬರಲಿಲ್ಲ. ಆಗಲೂ ಒಳಗೆ ಬೈಗುಳ ನಡೆದೇ ಇತ್ತು.

ಮರುದಿನ ವಲೇರಿಯನ್ ಕರೆದದ್ದಕ್ಕೆ ನಮ್ಮ ಇಗರ್ಜಿಯ ಗುರುಗಳು, ಫಾದರ್, ಮನೆಗೆ ಬಂದರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಹಾಳಾದ ಓಸ್ತಿಯನ್ನು ನೀರಿನಲ್ಲಿ ಕರಗಿಸಿ, ಯಾರೂ ತುಳಿಯದ ಮಣ್ಣಿಗೆ ಹಾಕುವುದು ಕ್ರಮ. ಅವರು ಗಾಜಿನ ಲೋಟದಲ್ಲಿ ನೀರು ತರಿಸಿ ಹನ್ನೊಂದನ್ನೂ ಅದರಲ್ಲಿ ಬಿಟ್ಟರು. ಒಣಗಿ ಕಾಗದದಂತಾಗಿದ್ದವು, ಬೇಗ ಕರಗಲಿಲ್ಲ. ನಾವು ಮೂವರು ಲೋಟದ ಮುಂದೆ ಒಂದು ಗಂಟೆ ಕೂತಿದ್ದೆವು. ಆ ಗಂಟೆಯಲ್ಲಿ ನಾನು ಎಲ್ಲವನ್ನೂ ಹೇಳಿದೆ, ಬಸ್ಸಿನ ಕಥೆಯನ್ನೂ ಬಿಡದೆ.

“ಯಾರೂ ತುಳಿಯದ ಜಾಗ ಎಲ್ಲಿ ಉಂಟು?” ಎಂದು ಫಾದರ್ ಕೇಳಿದರು.

“ಬಾವಿಯ ಹಿಂದೆ ಉಂಟು, ಫಾದರ್. ಸಂಪಿಗೆಯ ಬುಡ,” ಎಂದರು ವಲೇರಿಯನ್.

ನೀರು ಹಾಕಿ ಬಂದ ಮೇಲೆ ಫಾದರ್ ನನ್ನ ಮುಂದೆ ಕೂತರು. “ಟೀಚರ್, ಇದು ಪಾಪ ಅಲ್ಲ. ಕಾಯಿಲೆ. ನಾಡಿದ್ದು ಡಾಕ್ಟರ ಹತ್ತಿರ ಹೋಗುವ. ಮತ್ತೆ, ಇನ್ನು ಪಾಪನಿವೇದನೆ ತಿಂಗಳಿಗೆ ಒಮ್ಮೆ, ನನ್ನ ಹತ್ತಿರ ಮಾತ್ರ. ಬೈಗುಳದ ಸುದ್ದಿ ಅಲ್ಲಿ ಹೇಳುವ ಹಾಗಿಲ್ಲ. ಅದರ ಲೆಕ್ಕ ದೇವರ ಮುಂದೆ ನಾನು ಕೊಡ್ತೇನೆ.”

ಎಲ್ಲರೂ ಎಣಿಸಿಯಾರು, ಅಲ್ಲಿಗೆ ನನಗೆ ನೆಮ್ಮದಿಯಾಯಿತೆಂದು. ಇಲ್ಲ. ಪಾಪವಾದರೆ ಕ್ಷಮೆ ಉಂಟು. ಅದಕ್ಕೆಂದೇ ಒಬ್ಬ ದೇವರು ಶಿಲುಬೆ ಏರಿದ್ದಾನೆ. ಕಾಯಿಲೆಗೆ ಏನುಂಟು? ಗುಳಿಗೆ. ಗುರುಗಳೂ ಕೈಬಿಟ್ಟರು ಎಂದೇ ಅನಿಸಿತು. ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ, ಬಾವಿಯ ಹತ್ತಿರ ನನ್ನೊಬ್ಬಳನ್ನೇ ಬಿಡಲು ಹೆದರಿ ವಲೇರಿಯನ್ ಅಂಗಡಿ ಮುಚ್ಚಿ ಮನೆಯಲ್ಲೇ ಕೂತರು.

ಸೈಕಿಯಾಟ್ರಿಸ್ಟ್ ವಾರಕ್ಕೊಮ್ಮೆ ಮೂಡುಬಿದಿರೆಗೆ ಬರುತ್ತಾರೆ. ಜೈನರ ಹೆಂಗಸು. ಇವರಿಗೆ ಓಸ್ತಿಯೆಂದರೆ ಏನು ಗೊತ್ತಾಗಬೇಕು ಎಂದು ನನ್ನ ಉಡಾಫೆ. ಅವರು ಪೂರ್ತಿ ಕೇಳಿ, “ಒಸಿಡಿ. ಬೇಡದ ಆಲೋಚನೆ ಬಿಡದೆ ಮತ್ತೆ ಮತ್ತೆ ಬರುವ ಕಾಯಿಲೆ,” ಎಂದರು. “ನನ್ನ ಹತ್ತಿರ ಬಸದಿಗೆ ಹೋಗುವವರು ಬರ್ತಾರೆ, ನಮಾಜು ಮಾಡುವವರು ಬರ್ತಾರೆ. ಯಾರಿಗೆ ಯಾವುದು ಪವಿತ್ರವೋ ಅದಕ್ಕೇ ಬೈಗುಳ. ನೀವು ದೇವರನ್ನು ನಂಬದವರಾಗಿದ್ದರೆ ಇದು ಬೇರೆ ಯಾವುದಕ್ಕೋ ಅಂಟಿಕೊಳ್ತಿತ್ತು.”

“ಗುಣ ಆಗ್ತದಾ?”

“ಕಡಿಮೆ ಆಗ್ತದೆ. ಪೂರ್ತಿ ಹೋಗ್ತದೆ ಅಂತ ಹೇಳುವುದಿಲ್ಲ.”

ಮತ್ತೆ ಅವರು ಹೇಳಿದ್ದೇ ಎಲ್ಲಕ್ಕಿಂತ ಕಷ್ಟದ ಮಾತು. ಬೈಗುಳ ಬಂದಾಗ ಪ್ರಾರ್ಥನೆ ಹೇಳಿ ಓಡಿಸಬಾರದು. ಬರಲಿ, ಇರಲಿ, ಸುಮ್ಮನೆ ಕೂರಿ. ದೇವರನ್ನು ಬೈಯುವ ನೆಂಟನನ್ನು ಒಳಗೆ ಕೂರಿಸಿ ನಾನು ಕೈಕಟ್ಟಿ ಕೂರಬೇಕು! ಇಪ್ಪತ್ತೆರಡು ವರ್ಷದ ಪಾಠಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ? ಮೊದಲ ದಿನ ಐದು ನಿಮಿಷ ಶಿಲುಬೆಯ ಮುಂದೆ ಪ್ರಾರ್ಥನೆ ಹೇಳದೆ ಕೂತಾಗ ಸೀರೆ ಬೆವರಿನಲ್ಲಿ ತೊಯ್ದು ಹೋಯಿತು. ವಲೇರಿಯನ್ ಗಡಿಯಾರ ನೋಡುತ್ತಾ ಪಕ್ಕದಲ್ಲಿದ್ದರು. ಐದು ನಿಮಿಷದ ನಂತರವೂ ಬೈಗುಳ ಹೋಗಿರಲಿಲ್ಲ.

ಈಗ ಎಂಟು ತಿಂಗಳಾಯಿತು. ಗುಳಿಗೆಯಿಂದ ಬಾಯಿ ಒಣಗುತ್ತದೆ, ಹಗಲಲ್ಲೂ ತೂಕಡಿಕೆ. ಅನ್ನ ಸೀಯುವುದಿಲ್ಲ. ಪಾಠ ಬಿಟ್ಟಿದ್ದೇನೆ. ನನ್ನ ಕೈಯಲ್ಲಿ ಕಲಿತ ಮಕ್ಕಳು ನೆನಪಾಗುತ್ತಾರೆ. ಅವರಲ್ಲಿ ಎಷ್ಟು ಮಂದಿ ಒಂದು ಕೆಟ್ಟ ಆಲೋಚನೆಗೆ ಹೆದರಿ, ಯಾರಿಗೂ ಹೇಳಲಾಗದೆ ಒಳಗೊಳಗೇ ಕೊರಗುತ್ತಿದ್ದಾರೋ ಗೊತ್ತಿಲ್ಲ. ಆಲೋಚನೆ ಹೃದಯವನ್ನು ರೂಪಿಸುತ್ತದೆಂಬುದು ಸುಳ್ಳೆಂದು ಈಗಲೂ ಹೇಳಲಾರೆ. ನನ್ನದನ್ನು ಕಲ್ಲು ಮಾಡಿದ್ದು ಬೈಗುಳದ ಭಯ. ಆ ಭಯದಲ್ಲಿ ನಾನು ಗಂಡನ ಮುಖ ನೋಡುವುದನ್ನೂ ಮರೆತಿದ್ದೆ. ಬಾಗಿಲಿಗೆ ಬಂದವರೆಲ್ಲ ನಾವು ಕರೆದವರಲ್ಲ ಎಂಬುದನ್ನು ಪುಸ್ತಕದ ಒಂದು ಸಾಲಾಗಿ ಮುಗಿಸದೆ ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳಲು ಅವರು ನನ್ನ ಮುಂದಿಲ್ಲ.

ದೇವರು ಮೊದಲಿನ ಹಾಗೆ ಹತ್ತಿರವಿದ್ದಾನೆ ಎನಿಸುವುದಿಲ್ಲ. ಕರೆದರೂ ಆಚೆಯಿಂದ ಸದ್ದಿಲ್ಲ. ಮುಂದೆ ಕೇಳಿಸೀತೆಂಬ ಆಸೆಯೂ ದೊಡ್ಡದಾಗಿ ಇಲ್ಲ.

ಕಳೆದ ಭಾನುವಾರ ಡಾಕ್ಟರೂ ಫಾದರೂ ಇಬ್ಬರೂ ಹೇಳಿದ ಮೇಲೆ, ಎಂಟು ತಿಂಗಳಲ್ಲಿ ಮೊದಲ ಸಲ, ಪ್ರಸಾದಕ್ಕೆ ಎದ್ದೆ. ಕರವಸ್ತ್ರ ತಂದಿರಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದಿದ್ದೆ. ಫಾದರ್ ಓಸ್ತಿಯನ್ನು ನಾಲಗೆಯ ಮೇಲಿಟ್ಟರು, ಒಂದು ಗಳಿಗೆ ನನ್ನನ್ನು ನೋಡಿದರು. ಬಂತು. ಅದೇ ಬೈಗುಳ, ಅದೇ ತುಳು. ಒಣಗಿದ ಬಾಯಿಗೆ ಓಸ್ತಿ ಅಂಟಿಕೊಂಡಿತು.

ಪೂಜೆ ಮುಗಿದು ಹೊರಗೆ ಬಂದಾಗ ವಲೇರಿಯನ್ ಬೈಕಿನ ಹತ್ತಿರ ನಿಂತಿದ್ದರು.

“ಬಂದಿತ್ತಾ?”

“ಬಂದಿತ್ತು.”

ಅವರ ಮುಖ ಬಿಳುಚಿತು. ಕಣ್ಣು ನನ್ನ ಮುಷ್ಟಿಯ ಮೇಲೆ ಹೋಯಿತು. ನಾನು ಎರಡೂ ಕೈಯನ್ನು ಅವರ ಮುಂದೆ ಬಿಡಿಸಿ ತೋರಿಸಿದೆ.

“ನುಂಗಿದೆ,” ಎಂದೆ.