ಮೇಣದ ತುಂಡು

ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಕಡೆಗೆ ದೊಡ್ಡ ಮನಸ್ಸು ಮಾಡುತ್ತೇನೆಂದು ಯಾರೂ ಕಾಯುವುದು ಬೇಡ.

ಎಂಬತ್ತರ ದಶಕದ ಕೊನೆಯ ಮಾತು. ನಾವು ಒಮಾನಿನ ಬರ್ಕಾ ಊರಿನಲ್ಲಿದ್ದೆವು, ಗಂಡನಿಗೆ ಮಸ್ಕತ್ತಿನಲ್ಲಿ ಆಫೀಸು ಕೆಲಸ. ಐದು ವರ್ಷದ ಮಗಳು ಗೋಡೆ ಹಿಡಿದು ನಡೆಯತೊಡಗಿದಳು, ಬೆಳಿಗ್ಗೆ ಎದ್ದೊಡನೆ ವಾಂತಿ. ದೃಷ್ಟಿಯಾಗಿದೆ ಎಂದು ಮೆಣಸು ಸುಟ್ಟೆ. ಆಸ್ಪತ್ರೆಯಲ್ಲಿ ಮೆದುಳಿನ ಗಡ್ಡೆ ಎಂದರು, ಬೇಗ ಬೆಳೆಯುವ ಜಾತಿಯಂತೆ. ತಲೆ ತೆರೆದು ಅಕ್ಕಿಕಾಳಿನಷ್ಟು ಚೂರು ತೆಗೆದರು. ಬೊಂಬಾಯಿಯ ದೊಡ್ಡ ಆಸ್ಪತ್ರೆಯಲ್ಲಿ ಇಂಥ ಮಕ್ಕಳಿಗೆ ಹೊಸ ಔಷಧಿಯ ಪ್ರಯೋಗ ನಡೆಯುತ್ತಿತ್ತು. ಅಲ್ಲಿನವರು ಆ ಚೂರನ್ನು ಪರೀಕ್ಷಿಸಿ ಒಪ್ಪಿದರೆ ಮಾತ್ರ ಮಗುವನ್ನು ಸೇರಿಸಿಕೊಳ್ಳುತ್ತಿದ್ದರು. ಡಾಕ್ಟರು ಅದನ್ನು ಮೇಣದ ತುಂಡಿನೊಳಗೆ ಕೂರಿಸಿ ಕೊಟ್ಟು, ಬಿಸಿ ತಾಗಿಸಬೇಡಿ, ಇರುವುದು ಇದಿಷ್ಟೇ ಎಂದರು.

ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು ಗಲ್ಫಿನಲ್ಲಿ ನಮ್ಮವರ ಪದ್ಧತಿ. ಚಿನ್ನ, ಮದುವೆ ಸೀರೆ ಎಲ್ಲ ಹಾಗೆಯೇ ಹೋಗುತ್ತಿತ್ತು. ನಮ್ಮ ಊರಿನವರ ಸಂಘದ ಅಧ್ಯಕ್ಷರು ಮರುದಿನವೇ ಬೊಂಬಾಯಿಗೆ ಹೊರಟಿದ್ದರು. ಸಣ್ಣ ಡಬ್ಬಿಯಲ್ಲಿ ಹತ್ತಿ ತುಂಬಿ, ನಡುವೆ ಆ ತುಂಡಿಟ್ಟು ಕೊಟ್ಟೆ.

"ಎಂತ ತಂಗೀ, ಇದೊಂದು ಭಾರವಾ? ನಿನ್ನ ಮಗು ಅಂದ್ರೆ ನನ್ನ ಮಗು ಅಲ್ವಾ?" ಎಂದರು.

ಬೊಂಬಾಯಿಯಲ್ಲಿ ಕಾದು ನಿಂತ ನನ್ನ ತಮ್ಮನಿಗೆ ಬರಿಗೈ ತೋರಿಸಿದರು. ಮಸ್ಕತ್ತಿನ ಏರ್‌ಪೋರ್ಟಿನಲ್ಲಿ ಲಗೇಜಿನ ತೂಕ ಹೆಚ್ಚಾಗಿತ್ತಂತೆ. ಶರಬತ್ತಿನ ಪುಡಿಯ ದೊಡ್ಡ ಡಬ್ಬಿಗಳನ್ನು ಬಿಡಲು ಮನಸ್ಸು ಬರಲಿಲ್ಲ. ಬೇರೆಯವರ ಸಣ್ಣಪುಟ್ಟ ಪೊಟ್ಟಣಗಳೊಡನೆ ನನ್ನ ಡಬ್ಬಿಯನ್ನೂ ತೆಗೆದು, "ಮುಂದಿನ ವಾರ ಹೋಗುವವರಿಗೆ ಕೊಡು" ಎಂದು ಡ್ರೈವರಿಗೆ ಕೊಟ್ಟರಂತೆ. ಅವನಿಗೇನು ಗೊತ್ತು, ಪಾಪ, ಕಾರಿನ ಮುಂದಿನ ಗಾಜಿನಡಿ ಇಟ್ಟ. ಜೂನ್ ತಿಂಗಳ ಬಿಸಿಲು. ತಮ್ಮನ ಫೋನು ಬಂದು ಗಂಡ ಓಡಿಹೋಗಿ ಡಬ್ಬಿ ತೆರೆದಾಗ ಮೇಣವೆಲ್ಲ ಹತ್ತಿ ಕುಡಿದಿತ್ತು. ಚೂರು ಎಲ್ಲಿ ಹೋಯಿತೋ ಯಾರಿಗೂ ಸಿಗಲಿಲ್ಲ.

ಇನ್ನೊಂದು ಚೂರಿಗೆ ಮತ್ತೆ ತಲೆ ತೆರೆಯಬೇಕಿತ್ತು. ಅಷ್ಟು ತ್ರಾಣ ಮಗುವಿನಲ್ಲಿ ಉಳಿದಿರಲಿಲ್ಲ. ಆ ಔಷಧಿಯಿಂದ ಬದುಕುತ್ತಿದ್ದಳೆಂದು ನಾನು ಹೇಳುವುದಿಲ್ಲ, ಡಾಕ್ಟರೂ ಹೇಳಿರಲಿಲ್ಲ. ಆದರೆ ನನ್ನ ಮಗಳಿಗೆ ಸಾಲಿನಲ್ಲಿ ನಿಲ್ಲಲೂ ಬಿಡಲಿಲ್ಲವಲ್ಲ ಆ ಪುಣ್ಯಾತ್ಮ! ಸಾವಿನ ಮನೆಗೆ ಬಂದು, "ಎಲ್ಲ ದೇವರ ಇಚ್ಛೆ ತಂಗೀ, ಮನಸ್ಸು ಗಟ್ಟಿ ಮಾಡ್ಕೊ" ಎಂದರು. ಏರ್‌ಪೋರ್ಟಿನಲ್ಲಿ ತಕ್ಕಡಿ ಹಿಡಿದು ನಿಂತದ್ದು ದೇವರೇ? ಇವರ ಮನೆಗೂ ಇದೇ ಬರಲಿ ಎಂದು ಮನಸ್ಸಿನಲ್ಲೇ ಶಾಪ ಹಾಕಿದೆ.

ಬಂತು. ತೊಂಬತ್ತರ ದಶಕದಲ್ಲಿ, ಅವರೊಡನೆ ಇದ್ದ ಮುದಿ ತಾಯಿಗೆ. ಸುದ್ದಿ ಕೇಳಿ ನನಗೆ ಖುಷಿಯಾಯಿತು. ಹೌದು, ಖುಷಿಯೇ. ವಯಸ್ಸಾದವರ ದೇಹ ತಾಳುವಂತೆ ಕಡಿಮೆ ದಿನ ಕರೆಂಟು, ಅಂದರೆ ವಿಕಿರಣ, ಕೊಟ್ಟು ನೋಡುವ ಪ್ರಯೋಗ ಅದೇ ಬೊಂಬಾಯಿ ಆಸ್ಪತ್ರೆಯಲ್ಲಿ ಶುರುವಾಗಿತ್ತು. ಮತ್ತೆ ಅದೇ ಮೇಣದ ತುಂಡು. ಆ ವಾರ ಬೊಂಬಾಯಿ ಮೇಲೆ ಊರಿಗೆ ಹೊರಟಿದ್ದವಳು ನಾನೊಬ್ಬಳೇ.

"ನಿಮ್ಮನ್ನು ಕೇಳುವ ಮುಖ ನನಗಿಲ್ಲ," ಎಂದರು ಅಧ್ಯಕ್ಷರು, ನಮ್ಮ ಮನೆ ಬಾಗಿಲಲ್ಲೇ ನಿಂತು.

"ಕೊಡಿ," ಎಂದೆ.

ಹೊರಡುವ ದಿನ ಕಾರು ಹತ್ತಿ ಅದನ್ನು ಮುಂದಿನ ಗಾಜಿನಡಿ ಇಟ್ಟೆ. ಗಂಡ ನನ್ನ ಮುಖ ನೋಡಿದರು. ರಸ್ತೆಗಿಳಿಯುವ ಮೊದಲೇ ತೆಗೆದು ಮಡಿಲಲ್ಲಿಟ್ಟುಕೊಂಡೆ. ಕರುಣೆ ಬಂತೆಂದು ತಿಳಿಯಬೇಡಿ. ಅದು ಕರಗಿದರೆ ನಾನೂ ಅಧ್ಯಕ್ಷರೂ ಸರಿಸಮ. ಅವರು ಹಗುರಾಗಿಬಿಡುತ್ತಿದ್ದರು. ಅಷ್ಟು ಸುಲಭಕ್ಕೆ ಬಿಡುವವಳೇ ನಾನು? ಏರ್‌ಪೋರ್ಟಿನಲ್ಲಿ ನನಗೂ ತೂಕ ಹೆಚ್ಚಾಯಿತು. ಅಮ್ಮನಿಗೆಂದು ಕಟ್ಟಿದ್ದ ಖರ್ಜೂರವನ್ನು ತೆಗೆದು ಗಂಡನ ಕೈಗಿತ್ತೆ.

ಆ ಅಜ್ಜಿಯನ್ನು ಬೊಂಬಾಯಿಯವರು ಸೇರಿಸಿಕೊಂಡರು. ನಾನು ಮರಳಿದ ಮೇಲೆ ಅಧ್ಯಕ್ಷರು ಊಟಕ್ಕೆ ಕರೆದರು. ಸಂಘದವರೆಲ್ಲ ಇದ್ದರು. ಎಲ್ಲರೆದುರು ಕೈಮುಗಿದು, "ಈ ಉಪಕಾರ ಸಾಯುವವರೆಗೆ ಮರೆಯುವುದಿಲ್ಲ" ಎಂದರು.

"ಎಂತ ಉಪಕಾರ ಅಣ್ಣಾ? ಅದಕ್ಕೆ ತೂಕವೇ ಇರ್ಲಿಲ್ಲ," ಎಂದೆ, ಕೋಣೆಗೆಲ್ಲ ಕೇಳುವಂತೆ.

ಮುಗಿದ ಕೈ ಹಾಗೆಯೇ ನಿಂತಿತು. ಅವರ ಹೆಂಡತಿ ಶರಬತ್ತಿನ ತಟ್ಟೆ ಹಿಡಿದು ನನ್ನ ಮುಂದೆ ನಿಂತಿದ್ದರು. ಒಂದು ಲೋಟ ತೆಗೆದುಕೊಂಡೆ. ಅಧ್ಯಕ್ಷರ ಮುಖ ನೋಡುತ್ತಲೇ ತಳದವರೆಗೆ ಕುಡಿದೆ.